ಕೇಳುವುದು ದಾನವಲ್ಲ, ಬಾಕಿ

ಅಮೆರಿಕದ ಮೂಲನಿವಾಸಿಗಳ ಕಾಲೇಜುಗಳು ಶಾಸಕರ ಬಾಗಿಲಿಗೆ ಹೋಗಲು ಕಲಿತ ಕಥೆ

೧೮೭೦ರ ಜೂನ್ ತಿಂಗಳು. ಲಕೋಟಾ ಜನರ ಒಗ್ಲಾಲಾ ಶಾಖೆಯ ಮುಖಂಡ ರೆಡ್ ಕ್ಲೌಡ್ ತನ್ನ ಸಂಗಡಿಗರೊಂದಿಗೆ ವಾಷಿಂಗ್ಟನ್ ನಗರಕ್ಕೆ ಬಂದಿದ್ದ. ಆಗ ಅಮೆರಿಕದ ಅಧ್ಯಕ್ಷನಾಗಿದ್ದವನು ಯುಲಿಸಿಸ್ ಗ್ರಾಂಟ್. ಎರಡು ವರ್ಷಗಳ ಹಿಂದೆ, ೧೮೬೮ರಲ್ಲಿ, ಫೋರ್ಟ್ ಲಾರಮಿ ಎಂಬಲ್ಲಿ ಅಮೆರಿಕ ಸರ್ಕಾರಕ್ಕೂ ಲಕೋಟಾ ಜನರಿಗೂ ಒಪ್ಪಂದವಾಗಿತ್ತು. ಅದಕ್ಕೆ ರೆಡ್ ಕ್ಲೌಡ್ ಕೂಡ ತನ್ನ ಗುರುತು ಹಾಕಿದ್ದ. ಆ ಒಪ್ಪಂದದಲ್ಲಿ ಏನೇನಿದೆ ಎಂಬುದನ್ನು ರಾಜಧಾನಿಯ ಅಧಿಕಾರಿಗಳು ಅವನಿಗೆ ಓದಿ ಹೇಳಿಸಿದರು. ಕೇಳಿದ ರೆಡ್ ಕ್ಲೌಡ್ ಸ್ತಬ್ಧನಾದ. ಈ ಷರತ್ತುಗಳನ್ನು ತಾನು ಹಿಂದೆ ಕೇಳಿಯೇ ಇಲ್ಲ, ತನಗೆ ಹೇಳಿದ್ದೇ ಬೇರೆ ಎಂದು ಅವನು ಸಿಟ್ಟಿನಿಂದ ನುಡಿದ.

ಆ ಒಪ್ಪಂದದ ಏಳನೆಯ ವಿಧಿ ಶಿಕ್ಷಣಕ್ಕೆ ಸಂಬಂಧಿಸಿದ್ದು. ೬ರಿಂದ ೧೬ ವರ್ಷದೊಳಗಿನ ಮಕ್ಕಳು ಶಾಲೆಗೆ ಬರಬೇಕು. ಹಾಗೆ ಬರುವ ಪ್ರತಿ ೩೦ ಮಕ್ಕಳಿಗೆ ಸರ್ಕಾರ ಒಂದು ಶಾಲಾಮನೆಯನ್ನೂ ಒಬ್ಬ ಶಿಕ್ಷಕನನ್ನೂ ಒದಗಿಸಬೇಕು. ಈ ಏರ್ಪಾಡು ಕನಿಷ್ಠ ೨೦ ವರ್ಷ ಮುಂದುವರಿಯಬೇಕು. ಇದು ಸರ್ಕಾರ ಕರುಣೆಯಿಂದ ಕೊಟ್ಟ ಕೊಡುಗೆಯಲ್ಲ. ಯುದ್ಧ ನಿಲ್ಲಿಸಿದ್ದಕ್ಕೆ, ವಿಶಾಲವಾದ ಭೂಮಿಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿದ್ದಕ್ಕೆ ಪ್ರತಿಯಾಗಿ ಒಪ್ಪಿಕೊಂಡ ಬೆಲೆ. ಇಂಥದೇ ಮಾತುಗಳು ಬೇರೆ ಬುಡಕಟ್ಟುಗಳೊಂದಿಗೆ ಆದ ಅನೇಕ ಒಪ್ಪಂದಗಳಲ್ಲೂ ಇದ್ದವು.

ಗುರುತು ಹಾಕಿದವನಿಗೆ ತಾನು ಗುರುತು ಹಾಕಿದ ಕಾಗದವನ್ನು ಓದಲು ಬರುತ್ತಿರಲಿಲ್ಲ. ಅದಾಗಿ ಸರಿಯಾಗಿ ನೂರು ವರ್ಷ ಕಳೆಯುವ ಹೊತ್ತಿಗೆ ಅವನ ಜನರು ತಮ್ಮದೇ ಕಾಲೇಜು ಕಟ್ಟಲು ಹೊರಟಿದ್ದರು. ಈಗ ಪ್ರತಿವರ್ಷ ಫೆಬ್ರುವರಿಯ ಚಳಿಯಲ್ಲಿ ಆ ಕಾಲೇಜುಗಳ ಅಧ್ಯಕ್ಷರು, ಅಧ್ಯಾಪಕರು, ವಿದ್ಯಾರ್ಥಿಗಳು ಅದೇ ವಾಷಿಂಗ್ಟನ್ನಿಗೆ ಬರುತ್ತಾರೆ. ಅವರ ಕೈಯಲ್ಲಿರುವುದು ಅವರೇ ಬರೆದ ಕಾಗದ. ನಡುವೆ ದುಭಾಷಿಯಿಲ್ಲ. ಹೀಗೆ ಶಾಸಕರ ಎದುರು ಕೂತು ತಮ್ಮ ಪಾಲನ್ನು ಕೇಳುವ ವಿದ್ಯೆಯನ್ನು ಈ ಕಾಲೇಜುಗಳು ಕಲಿತದ್ದು ಹೇಗೆ, ತಮ್ಮವರಿಗೆ ಕಲಿಸುವುದು ಹೇಗೆ ಎಂಬುದು ಆಧುನಿಕ ಅಮೆರಿಕದ ಇತಿಹಾಸದಲ್ಲಿ ಅಷ್ಟಾಗಿ ಹೇಳದೆ ಉಳಿದ ಒಂದು ಅಧ್ಯಾಯ.

ಶಾಲೆಯೆಂಬ ಭಯ

ನಮ್ಮ ಪಠ್ಯಪುಸ್ತಕಗಳು ಬಹುಕಾಲ 'ರೆಡ್ ಇಂಡಿಯನ್ನರು' ಎಂದು ಕರೆದ ಈ ಜನರಿಗೆ ಶಿಕ್ಷಣ ದೊರೆಯಲೇ ಇಲ್ಲ ಎನ್ನುವಂತಿಲ್ಲ. ಆದರೆ ದೊರೆತ ಶಿಕ್ಷಣ ಎಂಥದು ಎಂಬುದೇ ಪ್ರಶ್ನೆ. ೧೮೭೯ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲ್‌ನಲ್ಲಿ, ಹಳೆಯ ಸೇನಾ ಬ್ಯಾರಕ್ಕುಗಳಲ್ಲಿ, ರಿಚರ್ಡ್ ಹೆನ್ರಿ ಪ್ರಾಟ್ ಎಂಬ ಸೇನಾಧಿಕಾರಿ ಒಂದು ವಸತಿ ಶಾಲೆ ತೆರೆದ. ಸಾವಿರಾರು ಮೈಲಿ ದೂರದ ಬಯಲುಗಳಿಂದ ಮಕ್ಕಳನ್ನು ಅಲ್ಲಿಗೆ ಒಯ್ದರು. ಅವರ ಕೂದಲು ಕತ್ತರಿಸಿದರು, ಹೆಸರು ಬದಲಿಸಿದರು, ತಾಯ್ನುಡಿ ಆಡಬಾರದೆಂದು ಕಟ್ಟಪ್ಪಣೆ ಮಾಡಿದರು. ಮಗುವಿನೊಳಗಿನ ಬುಡಕಟ್ಟಿನವನನ್ನು ಅಳಿಸಿ ಅಮೆರಿಕದ ಪ್ರಜೆಯೊಬ್ಬನನ್ನು ಉಳಿಸುವುದೇ ಈ ಶಾಲೆಗಳ ಘೋಷಿತ ಉದ್ದೇಶವಾಗಿತ್ತು.

ರೆಡ್ ಕ್ಲೌಡ್ ವಾಷಿಂಗ್ಟನ್ನಿಗೆ ಬಂದ ೧೮೭೦ರಲ್ಲೇ ಅಲ್ಲಿಗೆ ಬಂದಿದ್ದ ಮತ್ತೊಬ್ಬ ಲಕೋಟಾ ಮುಖಂಡ ಸ್ಪಾಟೆಡ್ ಟೇಲ್. ತನ್ನ ಮಕ್ಕಳು ಬಿಳಿಯರ ಭಾಷೆ ಕಲಿತರೆ ಮುಂದೆ ಯಾರೂ ಮೋಸಮಾಡಲಾರರು ಎಂಬ ಆಸೆಯಿಂದ ಅವನು ಮಕ್ಕಳನ್ನು ಕಾರ್ಲೈಲ್‌ಗೆ ಕಳುಹಿಸಿದ. ೧೮೮೦ರಲ್ಲಿ ನೋಡಲು ಹೋದಾಗ ಕಂಡದ್ದು ಸಮವಸ್ತ್ರ ತೊಟ್ಟು ಸೈನಿಕರಂತೆ ಕವಾಯತು ಮಾಡುತ್ತಿದ್ದ ಮಕ್ಕಳು. ಆತ ಕೆರಳಿ ತನ್ನ ಮಕ್ಕಳನ್ನು ಕರೆದುಕೊಂಡು ಊರಿಗೆ ಮರಳಿದ. ಲಕೋಟಾ ಭಾಷೆಯಲ್ಲಿ ಅವನ ಹೆಸರು ಸಿಂಟೆ ಗ್ಲೆಸ್ಕಾ. ದಕ್ಷಿಣ ಡಕೋಟಾದ ರೋಸ್‌ಬಡ್ ಮೀಸಲು ಪ್ರದೇಶದಲ್ಲಿ ಇಂದು ಇರುವ ಬುಡಕಟ್ಟು ವಿಶ್ವವಿದ್ಯಾಲಯಕ್ಕೆ ಅದೇ ಹೆಸರು.

ಕಾರ್ಲೈಲ್ ಶಾಲೆ ೧೯೧೮ರಲ್ಲಿ ಮುಚ್ಚಿತು. ಅದರ ಮಾದರಿ ಅಷ್ಟು ಬೇಗ ಮುಚ್ಚಲಿಲ್ಲ. ೧೯೨೮ರ ಮೆರಿಯಂ ವರದಿ ವಸತಿ ಶಾಲೆಗಳ ದುಸ್ಥಿತಿಯನ್ನು ಬಯಲಿಗೆಳೆಯಿತು. ೧೯೬೯ರಲ್ಲಿ ಸೆನೆಟ್ ಉಪಸಮಿತಿಯ ವರದಿಯೊಂದು ಬುಡಕಟ್ಟು ಜನರ ಶಿಕ್ಷಣವನ್ನು ರಾಷ್ಟ್ರೀಯ ದುರಂತ ಎಂದೇ ಕರೆಯಿತು. ಎರಡು ವರದಿಗಳ ನಡುವಣ ನಾಲ್ಕು ದಶಕಗಳಲ್ಲಿ ಸ್ಥಿತಿ ಎಷ್ಟು ಸುಧಾರಿಸಿತ್ತು ಎಂಬುದನ್ನು ಆ ಒಂದು ಮಾತೇ ಹೇಳುತ್ತದೆ. ಕಾಲೇಜು ಮೆಟ್ಟಿಲು ಹತ್ತಿದ ಕೆಲವರೂ ಊರಿಂದ ನೂರಾರು ಮೈಲಿ ದೂರದ ಪರಕೀಯ ವಾತಾವರಣದಲ್ಲಿ ನಿಲ್ಲಲಾರದೆ ಹಿಂದಿರುಗುತ್ತಿದ್ದರು.

ಆರು ಕಾಲೇಜುಗಳ ಒಕ್ಕೂಟ

ಈ ಹಿನ್ನೆಲೆಯಲ್ಲಿ ೧೯೬೮ರಲ್ಲಿ ಅರಿಜೋನಾದ ನವಾಹೊ ಬುಡಕಟ್ಟು ಒಂದು ಸಾಹಸಕ್ಕೆ ಕೈಹಾಕಿತು. ಬುಡಕಟ್ಟೇ ಸ್ಥಾಪಿಸಿ, ಬುಡಕಟ್ಟೇ ನಡೆಸುವ ನವಾಹೊ ಸಮುದಾಯ ಕಾಲೇಜು ಅಸ್ತಿತ್ವಕ್ಕೆ ಬಂತು. ೧೯೯೭ರಲ್ಲಿ ಅದು ಡಿನೆ ಕಾಲೇಜು ಎಂಬ ಹೆಸರು ಪಡೆಯಿತು. ನವಾಹೊ ಜನ ತಮ್ಮನ್ನು ತಾವು ಕರೆದುಕೊಳ್ಳುವುದು 'ಡಿನೆ' ಎಂದೇ. ನವಾಹೊ ಭಾಷೆ, ಇತಿಹಾಸಗಳ ಜೊತೆಗೇ ಗಣಿತ, ವಿಜ್ಞಾನಗಳನ್ನೂ ಕಲಿಸುವ ಈ ಕಾಲೇಜಿಗಾಗಿ ೧೯೭೧ರಲ್ಲಿ ಅಮೆರಿಕದ ಕಾಂಗ್ರೆಸ್ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಬೆನ್ನಲ್ಲೇ ರೆಡ್ ಕ್ಲೌಡನ ಪೈನ್ ರಿಜ್‌ನಲ್ಲಿ, ಸ್ಪಾಟೆಡ್ ಟೇಲ್‌ನ ರೋಸ್‌ಬಡ್‌ನಲ್ಲಿ, ಡಕೋಟಾ ಮತ್ತು ಕ್ಯಾಲಿಫೋರ್ನಿಯಾದ ಇತರ ಕಡೆಗಳಲ್ಲಿ ಕಾಲೇಜುಗಳು ಹುಟ್ಟಿದವು. ಬಿಟ್ಟುಹೋದ ಕಟ್ಟಡಗಳು, ಹಳೆಯ ವ್ಯಾಯಾಮಶಾಲೆ, ಟ್ರೇಲರುಗಳೇ ಹಲವು ಕಡೆ ತರಗತಿಗಳಾದವು.

ಕಟ್ಟಡಕ್ಕಿಂತ ದೊಡ್ಡ ತೊಂದರೆ ದಿನನಿತ್ಯದ ಖರ್ಚಿನದು. ಅಮೆರಿಕದಲ್ಲಿ ಸಾಮಾನ್ಯ ಸಮುದಾಯ ಕಾಲೇಜಿಗೆ ರಾಜ್ಯ ಸರ್ಕಾರದ ಅನುದಾನ ಮತ್ತು ಸ್ಥಳೀಯ ಆಸ್ತಿ ತೆರಿಗೆಯ ಪಾಲು ಆಧಾರ. ಮೀಸಲು ಪ್ರದೇಶದ ಭೂಮಿಯ ಬಹುಭಾಗವನ್ನು ಬುಡಕಟ್ಟಿನ ಪರವಾಗಿ ಕೇಂದ್ರ ಸರ್ಕಾರವೇ ಟ್ರಸ್ಟ್‌ನಲ್ಲಿ ಇಟ್ಟುಕೊಂಡಿರುತ್ತದೆ. ಅದರ ಮೇಲೆ ಆಸ್ತಿ ತೆರಿಗೆ ಹಾಕುವಂತಿಲ್ಲ. ಬುಡಕಟ್ಟುಗಳ ಹೊಣೆ ಕೇಂದ್ರದ್ದೆಂದು ರಾಜ್ಯಗಳು ಕೈತೊಳೆದುಕೊಳ್ಳುತ್ತವೆ. ಹೀಗೆ ಎರಡು ಬಾಗಿಲೂ ಮುಚ್ಚಿದಾಗ ತಟ್ಟಬಹುದಾದ ಬಾಗಿಲು ಉಳಿದದ್ದು ಒಂದೇ, ವಾಷಿಂಗ್ಟನ್ನಿನದು.

ಒಂಟಿಯಾಗಿ ತಟ್ಟಿದರೆ ಸದ್ದು ಕೇಳಿಸದು ಎಂಬುದು ಬೇಗನೆ ತಿಳಿಯಿತು. ೧೯೭೩ರಲ್ಲಿ ಆರು ಕಾಲೇಜುಗಳು ಸೇರಿ ಅಮೆರಿಕನ್ ಇಂಡಿಯನ್ ಹೈಯರ್ ಎಜುಕೇಷನ್ ಕನ್ಸಾರ್ಷಿಯಂ ಎಂಬ ಒಕ್ಕೂಟ ಕಟ್ಟಿದವು. ಡೆನ್ವರ್ ನಗರದಲ್ಲಿ ಕಚೇರಿ ತೆರೆದರು. ನವಾಹೊ ಕಾಲೇಜಿಗೆ ಇರುವಂಥ ಕಾಯಿದೆ ಉಳಿದವರಿಗೂ ಬೇಕು ಎಂಬುದೇ ಅವರ ಮೊದಲ ಬೇಡಿಕೆ. ಇದು ಕಾಯಿದೆಯಾಗಲು ಐದು ವರ್ಷ ಹಿಡಿಯಿತು. ಬುಡಕಟ್ಟುಗಳ ವ್ಯವಹಾರ ನೋಡಿಕೊಳ್ಳುವ ಇಲಾಖೆಯಿಂದಲೇ ವಿರೋಧ ಬಂತು. ದಕ್ಷಿಣ ಡಕೋಟಾದ ಸೆನೆಟರ್ ಜೇಮ್ಸ್ ಅಬೊರೆಜ್ಕ್ ಅವರಂಥ ಕೆಲವರು ಮಾತ್ರ ಬೆಂಬಲಕ್ಕೆ ನಿಂತರು. ಕೊನೆಗೆ ೧೯೭೮ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಬುಡಕಟ್ಟು ಸಮುದಾಯ ಕಾಲೇಜುಗಳ ನೆರವು ಕಾಯಿದೆಗೆ ಸಹಿ ಹಾಕಿದರು.

ಈ ಐದು ವರ್ಷಗಳೇ ಕಾಲೇಜುಗಳ ಮುಖ್ಯಸ್ಥರಿಗೆ ಮೊದಲ ಪಾಠಶಾಲೆ. ಅವರಲ್ಲಿ ಹೆಚ್ಚಿನವರು ಆಗ ಮೂವತ್ತರ ಆಸುಪಾಸಿನ ಯುವಕರು. ರೋಸ್‌ಬಡ್‌ನ ಲಯೊನೆಲ್ ಬೊರ್ಡೊ ಅವರು ೧೯೭೩ರಲ್ಲಿ ಸಿಂಟೆ ಗ್ಲೆಸ್ಕಾ ಕಾಲೇಜಿನ ಅಧ್ಯಕ್ಷರಾದರು. ೨೦೨೨ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು ಅರ್ಧ ಶತಮಾನ, ಅದೇ ಸ್ಥಾನದಲ್ಲಿದ್ದರು. ಕಾಂಗ್ರೆಸ್ಸಿನ ಸಮಿತಿಗಳ ಮುಂದೆ ಸಾಕ್ಷ್ಯ ಹೇಳುವುದು ಅವರಿಗೆ ಕಾಲೇಜು ನಡೆಸುವ ಕೆಲಸದ್ದೇ ಒಂದು ಭಾಗವಾಯಿತು. ಅಂಥವರ ಅನುಭವವೇ ಮುಂದಿನವರ ತರಬೇತಿಗೆ ಪಠ್ಯವಾಯಿತು.

ಕಾಗದದ ಮೇಲಿನ ಹಣ

ಕಾಯಿದೆ ಬಂದ ಮೇಲೆ ಕಲಿತ ಪಾಠ ಇನ್ನೂ ಕಹಿಯಾದದ್ದು. ಅಮೆರಿಕದ ಪದ್ಧತಿಯಲ್ಲಿ ಕಾಯಿದೆಯೊಂದು ಇಷ್ಟು ಹಣ ಕೊಡಬಹುದು ಎಂದು ಹೇಳುವುದು ಬೇರೆ, ಆ ವರ್ಷದ ಮುಂಗಡಪತ್ರದಲ್ಲಿ ಇಷ್ಟು ಹಣ ಕೊಡಲಾಗಿದೆ ಎಂದು ಬರೆಯುವುದು ಬೇರೆ. ಮೊದಲನೆಯದು ಮಂಜೂರಾತಿಯ ಮಿತಿ, ಎರಡನೆಯದು ನಿಜವಾಗಿ ಕೈಗೆ ಬರುವ ಹಣ. ೧೯೭೮ರ ಕಾಯಿದೆ ವಿದ್ಯಾರ್ಥಿಯೊಬ್ಬರಿಗೆ ವರ್ಷಕ್ಕೆ ೪,೦೦೦ ಡಾಲರ್ ಎಂದಿತು. ಮುಂದೆ ಆ ಮಿತಿಯನ್ನು ೫,೮೨೦ಕ್ಕೆ ಏರಿಸಿದರು. ಆದರೆ ೧೯೮೯ರಲ್ಲಿ ಕಾರ್ನೆಗಿ ಪ್ರತಿಷ್ಠಾನ ಈ ಕಾಲೇಜುಗಳ ಬಗ್ಗೆ ವರದಿ ಪ್ರಕಟಿಸಿದಾಗ ನಿಜವಾಗಿ ಸಿಗುತ್ತಿದ್ದದ್ದು ಸುಮಾರು ೧,೯೦೦ ಡಾಲರ್ ಮಾತ್ರ. ಕಾಲೇಜುಗಳು ಹೆಚ್ಚಿದವು, ವಿದ್ಯಾರ್ಥಿಗಳು ಹೆಚ್ಚಿದರು, ಹಂಚುವ ಹಣ ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. ೨೦೦೮ರಲ್ಲಿ ಮಿತಿ ೮,೦೦೦ ಡಾಲರಿಗೆ ಏರಿತು. ಅದೂ ಮುಂದಿನ ಹಲವು ವರ್ಷ ಪೂರ್ತಿಯಾಗಿ ಕೈಸೇರಲಿಲ್ಲ.

ಲೆಕ್ಕದ ರೀತಿಯೂ ಸರಳವಲ್ಲ. ಇಲ್ಲಿ ವಿದ್ಯಾರ್ಥಿ ಎಂದರೆ ತರಗತಿಯಲ್ಲಿ ಕೂತ ಒಬ್ಬ ವ್ಯಕ್ತಿಯಲ್ಲ. ಬುಡಕಟ್ಟಿಗೆ ಸೇರಿದ ಎಲ್ಲ ವಿದ್ಯಾರ್ಥಿಗಳು ನೋಂದಾಯಿಸಿದ ಪಾಠದ ಗಂಟೆಗಳನ್ನು ಕೂಡಿಸಿ ೧೨ರಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಲೆಕ್ಕದ ವಿದ್ಯಾರ್ಥಿಗಳು. ಮಕ್ಕಳನ್ನು ಸಾಕುತ್ತಾ, ಕೆಲಸ ಮಾಡುತ್ತಾ, ಅರ್ಧ ಹೊತ್ತು ಓದುವವರು ಈ ಕಾಲೇಜುಗಳಲ್ಲಿ ಬಹಳ. ನಾಲ್ಕು ಗಂಟೆಯ ಪಾಠ ತೆಗೆದುಕೊಂಡ ಮೂವರು ತಾಯಂದಿರು ಸೇರಿದರೆ ಸರ್ಕಾರದ ಪುಸ್ತಕದಲ್ಲಿ ಒಬ್ಬ ವಿದ್ಯಾರ್ಥಿ. ಬುಡಕಟ್ಟಿಗೆ ಸೇರದ ನೆರೆಹೊರೆಯವರೂ ಇಲ್ಲಿ ಓದುತ್ತಾರೆ. ಅವರ ಪಾಲಿಗೆ ಈ ಕಾಯಿದೆಯಡಿ ಒಂದು ಕಾಸೂ ಇಲ್ಲ. ಮೊಂಟಾನದಂಥ ರಾಜ್ಯ ಅವರಿಗಾಗಿ ಸ್ವಲ್ಪ ಕೊಡುತ್ತದೆ, ಎಲ್ಲ ರಾಜ್ಯಗಳೂ ಕೊಡುವುದಿಲ್ಲ. ಶಾಸಕರ ಮುಂದೆ ಕೂರುವ ಪ್ರತಿನಿಧಿಗೆ ಈ ಲೆಕ್ಕ ಬಾಯಿಪಾಠವಾಗಿರಬೇಕು. 'ಇಷ್ಟು ಜನ ಓದುತ್ತಾರೆ ಎನ್ನುತ್ತೀರಿ, ದಾಖಲೆಯಲ್ಲಿ ಇಷ್ಟೇ ಇದೆಯಲ್ಲ' ಎಂಬ ಪ್ರಶ್ನೆ ಬಂದರೆ ತಡವರಿಸುವಂತಿಲ್ಲ.

ಒಂದು ಮಾತಿನ ಜಗಳ

ಹಣದ ಜಗಳಕ್ಕಿಂತ ಆಳವಾದ ಜಗಳ ಇನ್ನೊಂದಿದೆ. ೧೯೮೨ರ ಕೊನೆಯಲ್ಲಿ ಈ ಕಾಯಿದೆಯನ್ನು ಮುಂದುವರಿಸುವ ಮಸೂದೆಯನ್ನು ಕಾಂಗ್ರೆಸ್ ಒಪ್ಪಿತು. ೧೯೮೩ರ ಜನವರಿಯಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಅದಕ್ಕೆ ಅಂಕಿತ ಹಾಕಲು ನಿರಾಕರಿಸಿದರು. ಕಾಲೇಜುಗಳಿಗೆ ನೆರವು ನೀಡುವುದು ಬುಡಕಟ್ಟುಗಳ ಬಗೆಗೆ ಕೇಂದ್ರ ಸರ್ಕಾರಕ್ಕಿರುವ ಟ್ರಸ್ಟ್ ಹೊಣೆಯ ಭಾಗ ಎಂದು ಮಸೂದೆಯಲ್ಲಿ ಬರೆದಿದ್ದರು. ರೇಗನ್ ಅವರ ಮುಖ್ಯ ಆಕ್ಷೇಪ ಈ ಮಾತಿಗೇ.

ಹೊರಗಿನವರಿಗೆ ಇದು ಬರಿಯ ಶಬ್ದದ ಜಗಳವೆನಿಸಬಹುದು. ೧೮೩೧ರಲ್ಲಿ ಚೆರೊಕೀ ಬುಡಕಟ್ಟಿನ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ಬುಡಕಟ್ಟುಗಳು ಪೂರ್ತಿ ಪರರಾಷ್ಟ್ರಗಳಲ್ಲ, ಆದರೂ ಅಮೆರಿಕದೊಳಗೆ ಅದರ ರಕ್ಷಣೆಯಲ್ಲಿರುವ ರಾಷ್ಟ್ರಗಳು ಎಂದು ತೀರ್ಪು ಕೊಟ್ಟಿದ್ದ. ಭೂಮಿ ಪಡೆದ ಸರ್ಕಾರ ಅದಕ್ಕೆ ಬದಲಾಗಿ ಪಾಲಕನ ಹೊಣೆ ಹೊತ್ತಿದೆ ಎಂಬ ಭಾವನೆ ಅಲ್ಲಿಂದ ಬೆಳೆಯಿತು. ಕಾಲೇಜಿನ ಅನುದಾನ ಆ ಹೊಣೆಯ ಭಾಗವಾದರೆ ಅದು ತೀರಿಸಬೇಕಾದ ಬಾಕಿ. ಇಲ್ಲವಾದರೆ ಮನಸ್ಸಿದ್ದರೆ ಕೊಡುವ, ಇಲ್ಲದಿದ್ದರೆ ಬಿಡುವ ಸಹಾಯ. ಒಂದು ಮಾತಿನ ಅಂತರದಲ್ಲಿ ಕಾಲೇಜುಗಳ ಇಡೀ ಭವಿಷ್ಯ ನಿಂತಿತ್ತು. ಮಸೂದೆಯನ್ನು ತಿದ್ದಿದ ಮೇಲೆ ಅದೇ ವರ್ಷದ ಡಿಸೆಂಬರಿನಲ್ಲಿ ಅದು ಕಾಯಿದೆಯಾಯಿತು. ಆ ಪ್ರಶ್ನೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ.

ಆದ್ದರಿಂದಲೇ ಈ ಕಾಲೇಜುಗಳ ಪ್ರತಿನಿಧಿಗಳು ಕಲಿಯಬೇಕಾದ ಮೊದಲ ಪಾಠ ಲೆಕ್ಕದ್ದಲ್ಲ, ತಾವು ಯಾರು ಎಂಬುದರದ್ದು. 'ನಾವು ಹಿಂದುಳಿದವರು, ಬಡವರು, ನೆರವಾಗಿ' ಎಂದು ಶುರುಮಾಡಿದರೆ ದಾನದ ಭಾಷೆಯಾಗುತ್ತದೆ. 'ನಮ್ಮ ಬುಡಕಟ್ಟಿಗೂ ನಿಮ್ಮ ಸರ್ಕಾರಕ್ಕೂ ಒಪ್ಪಂದವಿದೆ, ನಮ್ಮ ಕಾಲೇಜಿಗೆ ನಮ್ಮ ಬುಡಕಟ್ಟು ಸರ್ಕಾರ ಸನ್ನದು ಕೊಟ್ಟಿದೆ' ಎಂದು ಶುರುಮಾಡಿದರೆ ಎರಡು ಸರ್ಕಾರಗಳ ನಡುವಣ ಮಾತಾಗುತ್ತದೆ. ಬಡತನವನ್ನು ಮರೆಮಾಚಬೇಕಿಲ್ಲ. ಆದರೆ ಬಡತನವೇ ವಾದವಾಗಬಾರದು.

ತಯಾರಿಯ ಬಗೆ

ಫೆಬ್ರುವರಿಯನ್ನು ಆರಿಸಿಕೊಂಡದ್ದಕ್ಕೂ ಕಾರಣವಿದೆ. ಅಮೆರಿಕದ ಅಧ್ಯಕ್ಷರ ಮುಂಗಡಪತ್ರ ಸಾಮಾನ್ಯವಾಗಿ ಆ ಹೊತ್ತಿಗೆ ಕಾಂಗ್ರೆಸ್ಸಿಗೆ ಬರಬೇಕು. ಆ ನಂತರದ ಕೆಲವು ವಾರಗಳಲ್ಲಿ ಸದಸ್ಯರು ತಮ್ಮ ತಮ್ಮ ಕೋರಿಕೆಗಳನ್ನು ಹಣಕಾಸು ಸಮಿತಿಗಳಿಗೆ ಬರೆದುಕೊಡುತ್ತಾರೆ. ಗಡುವು ಮುಗಿದ ಮೇಲೆ ಬಂದವರಿಗೆ ಒಳ್ಳೆಯ ಮಾತು ಸಿಕ್ಕೀತು, ಹಣ ಸಿಗದು. ಒಂದೇ ಕಾಲೇಜಿನ ಹಣ ಮೂರು ಕಿಟಕಿಗಳಿಂದ ಬರುತ್ತದೆ ಎಂಬುದು ಇನ್ನೊಂದು ತೊಡಕು. ನಿತ್ಯದ ಖರ್ಚು ಒಳಾಡಳಿತ ಇಲಾಖೆಯ ಹಣ ನೋಡುವ ಉಪಸಮಿತಿಯಿಂದ, ಕೃಷಿ ಶಿಕ್ಷಣದ ಹಣ ಕೃಷಿ ಉಪಸಮಿತಿಯಿಂದ, ಕಟ್ಟಡ, ಪ್ರಯೋಗಶಾಲೆಗಳಿಗೆ ನೆರವಾಗುವ ಹಣ ಶಿಕ್ಷಣದ ಉಪಸಮಿತಿಯಿಂದ. ತಮ್ಮ ರಾಜ್ಯದ ಸದಸ್ಯ ಯಾವ ಕಿಟಕಿಯ ಹತ್ತಿರ ಕೂತಿದ್ದಾನೆ ಎಂದು ತಿಳಿದೇ ಬಾಗಿಲು ತಟ್ಟಬೇಕು.

ಒಕ್ಕೂಟದ ಚಳಿಗಾಲದ ಸಭೆಯಲ್ಲಿ ಮೊದಲು ನಡೆಯುವುದು ಈ ತಿಳಿವಳಿಕೆಯ ಕೆಲಸ. ಆಮೇಲೆ ಪ್ರತಿನಿಧಿಗಳು ರಾಜ್ಯವಾರು ತಂಡಗಳಾಗಿ ಕಾಂಗ್ರೆಸ್ಸಿನ ಕಚೇರಿಗಳಿಗೆ ಹೊರಡುತ್ತಾರೆ. ಭೇಟಿಗೆ ಸಿಗುವ ಸಮಯ ಹದಿನೈದು, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಪರಿಚಯ, ಕಾಲೇಜಿನ ಕೆಲಸ, ಬೇಡಿಕೆ, ಅದಕ್ಕೆ ಕಾರಣ ಎಲ್ಲ ಮುಗಿಯಬೇಕು. ಹತ್ತು ಬೇಡಿಕೆ ಹೇಳಿದರೆ ಒಂದೂ ನೆನಪಿನಲ್ಲಿ ಉಳಿಯದು. ಒಂದೆರಡನ್ನು ಹೇಳಿ, ಒಂದು ಹಾಳೆಯಲ್ಲಿ ಬರೆದುಕೊಟ್ಟು, ಊರಿಗೆ ಮರಳಿದ ಮೇಲೆ ಕೃತಜ್ಞತೆಯ ಪತ್ರ ಬರೆದು ಮತ್ತೆ ನೆನಪಿಸಬೇಕು.

ಮೊದಲ ಬಾರಿ ಬಂದವರಿಗೆ ನಿರಾಸೆಯಾಗುವ ಸಂಗತಿ ಒಂದಿದೆ. ಸೆನೆಟರನ್ನು ನೋಡಲು ಬಂದರೆ ಅವರು ಮತದಾನಕ್ಕೆ ಸದನಕ್ಕೆ ಹೋಗಿರುತ್ತಾರೆ. ಎದುರಿಗೆ ಕೂರುವುದು ಇಪ್ಪತ್ತೈದು ವರ್ಷದ ಸಹಾಯಕ. ಮೀಸಲು ಪ್ರದೇಶವನ್ನು ಕಣ್ಣಿಂದ ನೋಡದವನೂ ಆಗಿರಬಹುದು. ಅವನನ್ನು ಕಡೆಗಣಿಸಿದರೆ ಕೆಲಸ ಕೆಟ್ಟಂತೆ. ಸೆನೆಟರ್ ಓದುವ ಟಿಪ್ಪಣಿಯನ್ನು ಬರೆಯುವವನು ಅವನೇ. ಇಂಥವರು ಎರಡು ಮೂರು ವರ್ಷಕ್ಕೊಮ್ಮೆ ಕೆಲಸ ಬದಲಿಸುತ್ತಾರೆ. ಪ್ರತಿನಿಧಿ ಸಭೆಯ ೪೩೫ ಸ್ಥಾನಗಳಿಗೂ ಎರಡು ವರ್ಷಕ್ಕೊಮ್ಮೆ ಚುನಾವಣೆ. ಆದ್ದರಿಂದ ೧೮೬೮ರಿಂದ ಶುರುವಾಗುವ ಕಥೆಯನ್ನು ಪ್ರತಿವರ್ಷ ಮತ್ತೆ ಮೊದಲಿನಿಂದ ಹೇಳಬೇಕು.

ವಿದ್ಯಾರ್ಥಿಗಳನ್ನು ಜೊತೆಗೆ ಕರೆತರುವುದು ಇದೇ ಕಾರಣಕ್ಕೆ. ಅಂಕಿ ಅಂಶಗಳನ್ನು ಅಧ್ಯಕ್ಷರು ಹೇಳಬಲ್ಲರು. ಬುಡಕಟ್ಟಿನ ಆಸ್ಪತ್ರೆಗೆ ದಾದಿಯಾಗಲು ಓದುತ್ತಿರುವವಳು, ಅಜ್ಜಿಯ ಭಾಷೆಯನ್ನು ಕಾಲೇಜಿನಲ್ಲಿ ಮೊದಲ ಬಾರಿಗೆ ಕಲಿತವನು ತನ್ನ ಬಗ್ಗೆ ತಾನೇ ಹೇಳಿದಾಗ ಆ ಅಂಕಿಗೆ ಮುಖ ಬರುತ್ತದೆ. ಆದರೆ ಇಲ್ಲೂ ಎಚ್ಚರ ಬೇಕು. ಹಿರಿಯರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು, ತನ್ನನ್ನು ತಾನು ಹೊಗಳಿಕೊಳ್ಳಬಾರದು ಎಂಬ ಮರ್ಯಾದೆಯಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ, ಅಪರಿಚಿತನ ಮುಂದೆ ತನ್ನ ಸಾಧನೆಯನ್ನು ಎರಡು ನಿಮಿಷದಲ್ಲಿ ಹೇಳು ಎಂದರೆ ಕಷ್ಟವೇ. ತನ್ನ ಬಗ್ಗೆಯಲ್ಲ, ತನ್ನನ್ನು ಓದಲು ಕಳುಹಿಸಿದ ಜನರ ಪರವಾಗಿ ಮಾತಾಡುತ್ತಿದ್ದೇನೆ ಎಂದುಕೊಂಡಾಗ ನಾಲಗೆ ಸಡಿಲವಾಗುತ್ತದೆ. ಹಳೆಯ ಮುಖಂಡರು ಮಾತಾಡುತ್ತಿದ್ದದ್ದೂ ಹೀಗೆಯೇ.

ಕಾನೂನಿನ ಗೆರೆಯನ್ನೂ ತಿಳಿದಿರಬೇಕು. ಕೇಂದ್ರ ಸರ್ಕಾರ ಕೊಟ್ಟ ಅನುದಾನದ ಹಣವನ್ನು ಶಾಸಕರ ಮೇಲೆ ಒತ್ತಡ ತರುವ ಲಾಬಿಗೆ ಬಳಸುವಂತಿಲ್ಲ. ಕಾಲೇಜಿನ ಕೆಲಸವನ್ನು ವಿವರಿಸುವುದು ಒಂದು, ಇಂಥ ಮಸೂದೆಗೆ ಮತ ಹಾಕಿ ಎನ್ನುವುದು ಇನ್ನೊಂದು. ಯಾವ ಪ್ರಯಾಣದ ಖರ್ಚು ಯಾವ ಖಾತೆಯಿಂದ ಎಂಬುದನ್ನು ಮೊದಲೇ ಸರಿಮಾಡಿಕೊಳ್ಳದಿದ್ದರೆ ಹಣ ಕೇಳಲು ಹೋದವರು ಇದ್ದ ಹಣಕ್ಕೂ ಲೆಕ್ಕ ಒಪ್ಪಿಸಲಾರದ ಪೇಚಿಗೆ ಸಿಲುಕಬಹುದು.

ಗೆದ್ದದ್ದು, ಉಳಿದದ್ದು

ಈ ಶ್ರಮ ವ್ಯರ್ಥವಾಗಿಲ್ಲ. ದೊಡ್ಡ ಗೆಲುವು ಬಂದದ್ದು ೧೯೯೪ರಲ್ಲಿ. ೧೮೬೨ರ ಮೊರಿಲ್ ಕಾಯಿದೆ ಪ್ರತಿ ರಾಜ್ಯಕ್ಕೂ ಅದರ ಒಬ್ಬೊಬ್ಬ ಕಾಂಗ್ರೆಸ್ ಸದಸ್ಯನಿಗೆ ೩೦,೦೦೦ ಎಕರೆಯಂತೆ ಭೂಮಿ ಕೊಟ್ಟು, ಅದನ್ನು ಮಾರಿದ ಹಣದಿಂದ ಕೃಷಿ ಮತ್ತು ತಾಂತ್ರಿಕ ಕಾಲೇಜು ಕಟ್ಟಿಸಿತ್ತು. ಹೀಗೆ ಹುಟ್ಟಿದವು ಅಮೆರಿಕದ ಭೂದಾನ ವಿಶ್ವವಿದ್ಯಾಲಯಗಳು. ಬೋಧನೆ, ಸಂಶೋಧನೆ, ರೈತರಿಗೆ ತಿಳಿವಳಿಕೆ ಈ ಮೂರನ್ನೂ ಒಂದೇ ಸೂರಿನಡಿ ತಂದ ಆ ಮಾದರಿ ಕನ್ನಡಿಗರಿಗೆ ಅಪರಿಚಿತವಲ್ಲ. ೧೯೬೪ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಟೆನೆಸೀ ವಿಶ್ವವಿದ್ಯಾಲಯದ ನೆರವಿನೊಂದಿಗೆ, ಇದೇ ಮಾದರಿಯಲ್ಲಿ ರೂಪುಗೊಂಡದ್ದು. ೧೮೯೦ರ ಎರಡನೆಯ ಕಾಯಿದೆ ಕರಿಯರ ಕಾಲೇಜುಗಳನ್ನೂ ಈ ಪಂಕ್ತಿಗೆ ತಂದಿತು. ಬುಡಕಟ್ಟು ಕಾಲೇಜುಗಳು ಒಳಬರಲು ಮತ್ತೆ ನೂರನಾಲ್ಕು ವರ್ಷ ಕಾಯಬೇಕಾಯಿತು.

೧೯೯೪ರ ಕಾಯಿದೆ ೨೯ ಬುಡಕಟ್ಟು ಕಾಲೇಜುಗಳಿಗೆ ಆ ಸ್ಥಾನ ಕೊಟ್ಟಿತು. ಭೂಮಿಯ ಬದಲು ೨ ಕೋಟಿ ೩೦ ಲಕ್ಷ ಡಾಲರಿನ ನಿಧಿ ಕೂಡಿಸುವುದು, ಅದರ ಬಡ್ಡಿಯನ್ನು ಎಲ್ಲ ಕಾಲೇಜುಗಳಿಗೂ ಹಂಚುವುದು ಎಂದಾಯಿತು. ಇದರಲ್ಲಿ ಅಡಗಿದ ವಿಪರ್ಯಾಸ ಪೂರ್ತಿ ಬಯಲಾದದ್ದು ೨೦೨೦ರಲ್ಲಿ. ಮೊರಿಲ್ ಕಾಯಿದೆಯಡಿ ವಿಶ್ವವಿದ್ಯಾಲಯಗಳಿಗೆ ಹೋದ ಸುಮಾರು ೧ ಕೋಟಿ ೭ ಲಕ್ಷ ಎಕರೆ ಭೂಮಿಯ ಒಂದೊಂದು ತುಂಡನ್ನೂ ಹೈ ಕಂಟ್ರಿ ನ್ಯೂಸ್ ಪತ್ರಿಕೆಗಾಗಿ ಇತಿಹಾಸಕಾರ ರಾಬರ್ಟ್ ಲೀ ಮತ್ತು ಪತ್ರಕರ್ತ ಟ್ರಿಸ್ಟನ್ ಅಟೋನ್ ಗುರುತಿಸಿದರು. ಅದು ಸುಮಾರು ೨೫೦ ಬುಡಕಟ್ಟುಗಳಿಂದ ಬಂದ ಭೂಮಿ. ಕೆಲವಕ್ಕೆ ಅಲ್ಪ ಬೆಲೆ ಕೊಟ್ಟಿದ್ದರು, ಕೆಲವಕ್ಕೆ ಅದೂ ಇಲ್ಲ. ಯಾರ ನೆಲ ಮಾರಿ ಇತರರಿಗೆ ಕಾಲೇಜು ಕಟ್ಟಿದರೋ ಅವರಿಗೆ ಕೊನೆಯಲ್ಲಿ ಬಡ್ಡಿ ಸಿಕ್ಕಿತು.

ಮುಂದಿನ ಗೆಲುವುಗಳು ಚಿಕ್ಕವು, ಆದರೆ ಬೆಲೆಯುಳ್ಳವು. ತರಗತಿ ಶುರುವಾಗುವುದು ಆಗಸ್ಟಿನಲ್ಲಿ, ಸರ್ಕಾರದ ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರಿನಲ್ಲಿ. ಕಾಂಗ್ರೆಸ್ ಜಗಳವಾಡಿದರೆ ಇನ್ನೂ ತಡ. ಅಲ್ಲಿಯವರೆಗೆ ಸಾಲ ಮಾಡಿ ಸಂಬಳ ಕೊಡಬೇಕಿತ್ತು. ವರ್ಷಗಳ ಕೇಳಿಕೆಯ ನಂತರ ೨೦೧೦ರ ಹಣಕಾಸು ವರ್ಷದಲ್ಲಿ, ಹೆಚ್ಚಿನ ಕಾಲೇಜುಗಳಿಗೆ ಹಣವನ್ನು ಮುಂಚಿತವಾಗಿ ಕೊಡುವ ವ್ಯವಸ್ಥೆಗೆ ಕಾಂಗ್ರೆಸ್ ಒಪ್ಪಿತು. ೨೦೧೯ರ ಸೆಪ್ಟೆಂಬರಿನಲ್ಲಿ ಶಿಕ್ಷಣ ಇಲಾಖೆಯ ಒಂದು ಮುಖ್ಯ ಅನುದಾನದ ಅವಧಿ ಮುಗಿದಾಗ, ಕರಿಯರ ಕಾಲೇಜುಗಳು ಮತ್ತಿತರರ ಜೊತೆ ಸೇರಿ ಹೋರಾಡಿ, ಡಿಸೆಂಬರಿನಲ್ಲಿ ಅದನ್ನು ಕಾಯಂ ಮಾಡಿಸಿಕೊಂಡರು. ಬುಡಕಟ್ಟು ಕಾಲೇಜುಗಳ ಪಾಲು ವರ್ಷಕ್ಕೆ ೩ ಕೋಟಿ ಡಾಲರ್.

ಈ ಗೆಲುವುಗಳಿಗೆ ಅಮೆರಿಕದ ಸಂವಿಧಾನದ ಒಂದು ಏರ್ಪಾಡೂ ನೆರವಾಗಿದೆ. ಸೆನೆಟ್ಟಿನಲ್ಲಿ ದೊಡ್ಡ ರಾಜ್ಯಕ್ಕೂ ಚಿಕ್ಕ ರಾಜ್ಯಕ್ಕೂ ಎರಡೆರಡೇ ಸ್ಥಾನ. ಜನಸಂಖ್ಯೆ ಕಡಿಮೆಯಿರುವ ಮೊಂಟಾನ, ಉತ್ತರ ಮತ್ತು ದಕ್ಷಿಣ ಡಕೋಟಾಗಳಲ್ಲೇ ಬುಡಕಟ್ಟು ಕಾಲೇಜುಗಳು ದಟ್ಟವಾಗಿವೆ. ಮೊಂಟಾನದ ಏಳು ಮೀಸಲು ಪ್ರದೇಶಗಳಲ್ಲೂ ಒಂದೊಂದು ಕಾಲೇಜಿದೆ. ಇಂಥ ರಾಜ್ಯಗಳ ಸೆನೆಟರುಗಳು, ಪಕ್ಷ ಯಾವುದೇ ಇರಲಿ, ಈ ಕಾಲೇಜುಗಳನ್ನು ತಮ್ಮ ಊರಿನ ಸಂಸ್ಥೆಗಳೆಂದು ನೋಡಬೇಕಾಗುತ್ತದೆ. ಆದ್ದರಿಂದಲೇ ಯಾವ ಪಕ್ಷವನ್ನೂ ಎದುರು ಹಾಕಿಕೊಳ್ಳದೆ ಮಾತಾಡುವುದು ಪ್ರತಿನಿಧಿಗಳ ಶಿಸ್ತಾಗಿದೆ.

ಹಾಗಿದ್ದರೂ ಈ ವಾರ್ಷಿಕ ಯಾತ್ರೆಯಲ್ಲಿ ಒಂದು ನೋವಿನ ಎಳೆ ಇದ್ದೇ ಇದೆ. ಒಪ್ಪಂದ ಒಪ್ಪಂದವೇ ಆಗಿದ್ದರೆ ಪ್ರತಿವರ್ಷ ಹೋಗಿ ನೆನಪಿಸಬೇಕಾದದ್ದೇಕೆ? ಬಾಕಿ ವಸೂಲಿಗೆ ಸಾಲ ಕೊಟ್ಟವನೇ ಚೆನ್ನಾಗಿ ಮಾತಾಡಲು ಕಲಿಯಬೇಕೇ? ನೂರಾರು ವರ್ಷಗಳ ನಷ್ಟವನ್ನು ಒಂದು ಹಾಳೆಗೆ ಇಳಿಸುವಾಗ ಏನೇನು ಬಿಟ್ಟುಹೋಗುತ್ತದೆ? ಈ ಪ್ರಶ್ನೆಗಳನ್ನು ತರಬೇತಿ ಅಳಿಸಲಾರದು. ಕೇಳದೆ ಕೂತರೆ ಏನಾಗುತ್ತದೆ ಎಂಬುದನ್ನು ಮಾತ್ರ ಅದು ಬಲ್ಲದು. ೨೦೨೫ರಲ್ಲಿ ಅಮೆರಿಕದ ಆಡಳಿತ ಮುಂದಿಟ್ಟ ಮುಂಗಡಪತ್ರದ ಪ್ರಸ್ತಾವ ಬುಡಕಟ್ಟು ಜನರ ಉನ್ನತ ಶಿಕ್ಷಣಕ್ಕೆ ಒಳಾಡಳಿತ ಇಲಾಖೆಯ ಮೂಲಕ ಬರುವ ಹಣವನ್ನು ಸುಮಾರು ೧೮ ಕೋಟಿ ಡಾಲರಿನಿಂದ ೨ ಕೋಟಿ ೨೦ ಲಕ್ಷದ ಮಟ್ಟಕ್ಕೆ ಇಳಿಸಬೇಕೆಂದಿತು. ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಕಡಿತ. ಕಾಯಿದೆ ಇದ್ದೂ ಹಣ ಇಲ್ಲವಾಗಬಹುದು ಎಂದು ೧೯೮೦ರ ದಶಕದಲ್ಲಿ ಕಲಿತ ಪಾಠ ಹೊಸ ತಲೆಮಾರಿಗೆ ಮತ್ತೆ ಎದುರಾಯಿತು.

ಇಂದು ಮೂವತ್ತೈದರ ಆಸುಪಾಸಿನಲ್ಲಿರುವ ಈ ಕಾಲೇಜುಗಳಲ್ಲಿ ದಾದಿಯರು, ಶಿಕ್ಷಕರು, ಪಶುಪಾಲಕರು, ಭಾಷಾ ಬೋಧಕರು ತಯಾರಾಗುತ್ತಾರೆ. ಜೊತೆಗೆ ಮಸೂದೆಯೊಂದನ್ನು ಕೊನೆಯ ಸಾಲಿನವರೆಗೂ ಓದಿ, ಇದರಲ್ಲಿ ನಮಗೆ ಹೇಳಿದ್ದು ಇದೆ, ಇದು ಇಲ್ಲ ಎಂದು ತೋರಿಸಬಲ್ಲವರೂ ತಯಾರಾಗುತ್ತಾರೆ. ರೆಡ್ ಕ್ಲೌಡ್ ೧೯೦೯ರಲ್ಲಿ ಪೈನ್ ರಿಜ್‌ನಲ್ಲಿ ತೀರಿಕೊಂಡ. ಅವನಿಗೆ ವಾಷಿಂಗ್ಟನ್ನಿನಲ್ಲಿ ಇನ್ನೊಬ್ಬರು ಓದಿ ಹೇಳಬ��ಕಾಗಿದ್ದ ಒಪ್ಪಂದವನ್ನು ಈಗ ಅವನ ಊರಿನ ಕಾಲೇಜಿನ ವಿದ್ಯಾರ್ಥಿಗಳು ತಾವೇ ಓದುತ್ತಾರೆ, ಲಕೋಟಾ ಭಾಷೆಯಲ್ಲಿ ಅದರ ಬಗ್ಗೆ ವಾದಿಸುತ್ತಾರೆ, ಫೆಬ್ರುವರಿ ಬಂದಾಗ ಇಂಗ್ಲಿಷಿನಲ್ಲಿ ಒಂದು ಹಾಳೆ ಬರೆದುಕೊಂಡು ಹೊರಡುತ್ತಾರೆ.